ಇಬ್ಬನಿ ಆರಿದ ಮೇಲೆ ಅಂಗಳಕ್ಕೆ: ಚಳಿಗಾಲದಲ್ಲಿ ಪುಟ್ಟ ಮಕ್ಕಳ ಹೊರಗಿನ ಆಟ

(ಮನೆಯಲ್ಲೇ ಡೇ ಕೇರ್ ನಡೆಸುವ ಮಹಿಳೆಯರು ಮತ್ತು ಪೋಷಕರ ಮುಂದೆ ಮಡಿಕೇರಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಒಂದು ವಾರ ಆಗುವಷ್ಟರಲ್ಲಿ ನನ್ನ ಫೋನಿಗೆ ಬೆಳಿಗ್ಗೆ ಬೆಳಿಗ್ಗೆ ಒಂದೇ ಥರದ ಮೆಸೇಜು ಬರಲು ಶುರುವಾಗುತ್ತದೆ. "ಆಂಟಿ, ಇವತ್ತು ತುಂಬಾ ಚಳಿ. ಪಾಪುನ ಹೊರಗೆ ಬಿಡಬೇಡಿ." ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು, ನಿಮಗೂ ಈ ಮೆಸೇಜು ಗೊತ್ತು. ಉಳಿದ ಅರ್ಧ ಜನ ಅದನ್ನು ಕಳಿಸುವವರು. ಇಬ್ಬರೂ ಒಟ್ಟಿಗೆ ಸಿಕ್ಕಿದ್ದೀರಿ, ಒಳ್ಳೆಯದೇ ಆಯಿತು.

ನಾನು ಹೇಳಲು ಬಂದಿರುವ ಮಾತು ಇಷ್ಟೇ. ಮಗುವನ್ನು ಇಡೀ ದಿನ ಒಳಗೆ ಕೂಡಿಹಾಕುವಂಥ ಚಳಿ ಕೊಡಗಿನಲ್ಲಿ ಬೀಳುವುದೇ ಇಲ್ಲ. ಇಲ್ಲಿ ಮಕ್ಕಳಿಗೆ ತೊಂದರೆ ಕೊಡುವುದು ಒದ್ದೆ. ಇಬ್ಬನಿಯ ಒದ್ದೆ, ಬೆವರಿನ ಒದ್ದೆ, ನಲ್ಲಿ ಹತ್ತಿರ ಆಡಿಕೊಂಡು ಬಂದ ಒದ್ದೆ. ಅದೊಂದನ್ನು ನೋಡಿಕೊಂಡರೆ ಉಳಿದದ್ದು ಯಾವ ಹೊತ್ತಿಗೆ ಕರೆದುಕೊಂಡು ಹೋಗಬೇಕು ಅನ್ನುವ ಲೆಕ್ಕ ಮಾತ್ರ.

ಡಿಸೆಂಬರ್, ಜನವರಿಯಲ್ಲಿ ಮಡಿಕೇರಿಯಲ್ಲಿ ಬೆಳಗಿನ ಜಾವ 12–14 ಡಿಗ್ರಿ ಆಸುಪಾಸು ಇರುತ್ತದೆ, ಕೆಲವು ದಿನ ಇನ್ನೂ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ ಹೊತ್ತಿಗೆ 25ರ ಹತ್ತಿರ ಬಂದಿರುತ್ತದೆ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡಿನಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಕೂಸುಗಳನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಹೊರಗೇ ಮಲಗಿಸುತ್ತಾರೆ. ನೀವೂ ಹಾಗೇ ಮಾಡಿ ಅಂತ ನಾನು ಹೇಳುತ್ತಿಲ್ಲ, ಹೇಳಿದರೆ ನಿಮ್ಮ ಮನೆಯ ಅಜ್ಜಿಯರು ನನ್ನನ್ನು ಊರಲ್ಲಿ ಇರಲು ಬಿಡುವುದಿಲ್ಲ. ಅಲ್ಲಿ ಹಿಮ, ಬೆರಳು ಮರಗಟ್ಟುವ ಭಯ ಎಲ್ಲಾ ಇದೆ. ನಮ್ಮ ಕಷ್ಟ ಬೇರೆ. ಎಂಟು ಗಂಟೆಗೆ ಮಗು ಹಾಕಿಕೊಂಡು ಬಂದ ಬಟ್ಟೆ ಹನ್ನೊಂದು ಗಂಟೆಗೆ ಅದಕ್ಕೆ ಜಾಸ್ತಿ. ನಾಲ್ಕೈದು ಗಂಟೆಯೊಳಗೆ ಹತ್ತು ಡಿಗ್ರಿ ಏರುತ್ತದೆ. ಬಟ್ಟೆ ಬಿಚ್ಚದೆ ಆಡಿಸಿದರೆ ಬೆವರು, ಬೆವರಿದ ಮೇಲೆ ಗಾಳಿ ಬೀಸಿದರೆ ನಡುಕ.

ಶೀತದ ವಿಷಯಕ್ಕೆ ಬರೋಣ, ಎಲ್ಲರ ಭಯ ಅದೇ ಅಲ್ವಾ? ನೆಗಡಿ ಬರುವುದು ವೈರಸ್‌ನಿಂದ. ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆ ಇವೆ. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು, ಡೇ ಕೇರ್‌ಗೆ ಸೇರಿದ ಮೊದಲ ವರ್ಷ ಇನ್ನೂ ಒಂದೆರಡು ಜಾಸ್ತಿಯೇ ಆಗಬಹುದು. ಈ ವೈರಸ್‌ಗೆ ಬೇಕಾಗಿರುವುದು ಏನು? ಕಿಟಕಿ ಮುಚ್ಚಿದ ಕೋಣೆ, ಅದರಲ್ಲಿ ಆರೇಳು ಮಕ್ಕಳು, ಒಬ್ಬರು ಬಾಯಿಗೆ ಹಾಕಿದ ಆಟಿಕೆ ಇನ್ನೊಬ್ಬರ ಕೈಗೆ. ಚಳಿ ಅಂತ ನಾವು ಮಾಡುವುದು ಇದನ್ನೇ. ಹೊರಗೆ ಮೂಗು ಸೋರಿದರೆ ಗಾಬರಿ ಬೇಡ. ತಣ್ಣನೆ ಗಾಳಿಯನ್ನು ಬೆಚ್ಚಗೆ ಮಾಡಿ ಒಳಗೆ ಕಳಿಸಲು ಮೂಗು ನೀರಾಡುತ್ತದೆ. ಒಳಗೆ ಬಂದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ದೊಡ್ಡವರಿಗೂ ಹಾಗೇ ಆಗುತ್ತದೆ, ನಾವು ಕರ್ಚೀಫಿನಲ್ಲಿ ಒರೆಸಿಕೊಂಡು ಸುಮ್ಮನಾಗುತ್ತೇವೆ.

ಮುಚ್ಚಿದ ಕೋಣೆ ಅಂದಾಗ ಒಂದು ಮಾತು ಹೇಳಲೇಬೇಕು. ಕೆಂಡದ ಬಾಣಲೆಯನ್ನೋ ಇದ್ದಿಲ ಒಲೆಯನ್ನೋ ಕೋಣೆಯೊಳಗೆ ತಂದಿಟ್ಟು ಬಾಗಿಲು ಹಾಕುವ ಅಭ್ಯಾಸ ಇನ್ನೂ ಕೆಲವು ಮನೆಗಳಲ್ಲಿ ಇದೆ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಮಕ್ಕಳು ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. ಹೊರಗಿನ ಚಳಿಗೆ ಹೆದರುವವರು ಇದಕ್ಕೆ ಹೆದರುವುದಿಲ್ಲವಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಹೊರಗಿನ ಆಟ ಅಷ್ಟೊಂದು ಯಾಕೆ ಬೇಕು ಅಂತ ಕೇಳುವ ಅಪ್ಪಂದಿರು ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನವರಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷ ಮೈ ಕೈ ಆಡಿಸಬೇಕು. ಮೂರು, ನಾಲ್ಕು ವರ್ಷದವರಿಗೆ ಅದರಲ್ಲಿ ಕನಿಷ್ಠ 60 ನಿಮಿಷ ಉಸಿರು ಏರುವಂಥ ಓಟ, ಕುಣಿತ ಇರಬೇಕು. ಮೂರು ಗಂಟೆ ಅಂದರೆ ತಮಾಷೆ ಅಲ್ಲ. ನನ್ನ ಮನೆಯ ಹಾಲಿನಲ್ಲಿ ಮೂರು ಗಂಟೆ ಓಡಿಸಿದರೆ ಸೋಫಾ, ಶೋಕೇಸು, ನನ್ನ ತಲೆ ಯಾವುದೂ ಉಳಿಯುವುದಿಲ್ಲ. ಒಳಗೇ ಇಟ್ಟರೆ ಕೊನೆಗೆ ಟಿವಿ ಹಾಕುತ್ತೇವೆ, ಅದು ನಿಮಗೂ ಗೊತ್ತು ನನಗೂ ಗೊತ್ತು.

ಹಾಗಾದರೆ ಯಾವ ಹೊತ್ತಿಗೆ ಹೊರಗೆ ಹೋಗಬೇಕು? ನನ್ನ ಉತ್ತರ ಹತ್ತೂವರೆ. ಇದು ನನ್ನ ಅನುಕೂಲಕ್ಕೆ ಆರಿಸಿಕೊಂಡ ಸಮಯ ಅಲ್ಲ. ಈ ಜಿಲ್ಲೆಯಲ್ಲಿ ಯಾವ ಕಡೆಯಿಂದ ಲೆಕ್ಕ ಹಾಕಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಮೊದಲು ಇಬ್ಬನಿ. ಬೆಳಿಗ್ಗೆ ಎಂಟಕ್ಕೆ ಅಂಗಳದ ಹುಲ್ಲಿನ ಮೇಲೆ ಬರಿಗಾಲಿಟ್ಟು ನೋಡಿ. ಮಳೆ ಬಂದ ಹಾಗೆ ಇರುತ್ತದೆ. ಎರಡು ನಿಮಿಷದಲ್ಲಿ ಮಗುವಿನ ಕ್ಯಾನ್ವಾಸ್ ಶೂ, ಸಾಕ್ಸು, ಪ್ಯಾಂಟಿನ ಅಂಚು ಒದ್ದೆ. ನಮ್ಮ ತೋಟಗಳಲ್ಲಿ ಸಿಲ್ವರ್ ಓಕ್ ಮರದಿಂದ ಒಂಬತ್ತು ಗಂಟೆವರೆಗೂ ಹನಿ ಉದುರುತ್ತಲೇ ಇರುತ್ತದೆ. ನಾನು ಗಡಿಯಾರಕ್ಕಿಂತ ಹುಲ್ಲನ್ನು ನಂಬುತ್ತೇನೆ. ಅಂಗೈಯನ್ನು ಹುಲ್ಲಿನ ಮೇಲೆ ಒತ್ತಿ, ಸೀರೆಗೆ ಒರೆಸಿಕೊಂಡು ನೋಡುತ್ತೇನೆ. ಸೀರೆ ಒದ್ದೆ ಆಗದಿದ್ದರೆ ಮಕ್ಕಳಿಗೆ ಶೂ ಹಾಕಲು ಹೊರಡುತ್ತೇನೆ. ಕುಶಾಲನಗರದ ಕಡೆಯವರಿಗೆ ಇದು ಒಂದು ಗಂಟೆ ಮುಂಚೆಯೇ ಆಗಬಹುದು, ಅಲ್ಲಿ ಬಯಲು, ಬಿಸಿಲು ಬೇಗ. ಭಾಗಮಂಡಲದ ಕಡೆ ಗುಡ್ಡದ ನೆರಳಲ್ಲಿ ಮನೆ ಇದ್ದರೆ ಹನ್ನೊಂದಾದರೂ ಆದೀತು. ಒಂದೇ ಜಿಲ್ಲೆ ಅಂತ ಒಂದೇ ಟೈಮ್ ಟೇಬಲ್ ಹಾಕಬೇಡಿ.

ಎರಡನೆಯದು ಆನೆ. ನಗಬೇಡಿ! ಬೇರೆ ಊರಿನಲ್ಲಿ ಡೇ ಕೇರ್ ಬಗ್ಗೆ ಮಾತಾಡುವವರಿಗೆ ಈ ಕಷ್ಟ ಇಲ್ಲ. ಗದ್ದೆಯಲ್ಲಿ ಬತ್ತ ಮಾಗುವ ಹೊತ್ತಿಗೆ ಬಂದ ಆನೆಗಳು ಎಷ್ಟೋ ಸಲ ಕಾಫಿ ತೋಟದಲ್ಲೇ ಉಳಿದುಬಿಡುತ್ತವೆ. ಮುಂಜಾನೆ, ಮುಸ್ಸಂಜೆ ಅವು ಓಡಾಡುವ ಹೊತ್ತು. ಮಂಜು ಇದ್ದರೆ ಇಪ್ಪತ್ತು ಅಡಿ ಆಚೆ ನಿಂತ ಆನೆ ಕಾಣಿಸುವುದಿಲ್ಲ, ಅದು ಸದ್ದೂ ಮಾಡುವುದಿಲ್ಲ. ತೋಟದಂಚಿನ ಮನೆಯವರು ಬೆಳಿಗ್ಗೆ ಊರಿನ ವಾಟ್ಸಾಪ್ ಗುಂಪು ನೋಡದೆ ಗೇಟು ತೆಗೆಯಬೇಡಿ. ಹತ್ತಿರದಲ್ಲಿ ಇದೆ ಅಂತ ಸುದ್ದಿ ಬಂದ ದಿನ ಹೊರಗಿನ ಆಟ ಇಲ್ಲ. ಅದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ.

ಮೂರನೆಯದು ಬಿಸಿಲು. ಎಳೆಬಿಸಿಲು ಒಳ್ಳೆಯದು ಅಂತ ಏಳು ಗಂಟೆಗೆ ಕೂಸನ್ನು ಎಣ್ಣೆ ಹಚ್ಚಿ ಹೊರಗೆ ಹಿಡಿದು ನಿಲ್ಲುತ್ತಾರೆ. ಬೆಚ್ಚಗೆ ಅನ್ನಿಸುತ್ತದೆ ನಿಜ, ಆದರೆ ಚರ್ಮದಲ್ಲಿ ವಿಟಮಿನ್ ಡಿ ಆಗಬೇಕಾದರೆ ಬೇಕಾದ ಕಿರಣ ಸೂರ್ಯ ಮೇಲೇರಿದ ಮೇಲೆಯೇ ನೆಲಕ್ಕೆ ಸರಿಯಾಗಿ ಮುಟ್ಟುವುದು. ಸುಲಭದ ಪರೀಕ್ಷೆ ಒಂದಿದೆ. ಮಗುವನ್ನು ನಿಲ್ಲಿಸಿ ಅದರ ನೆರಳು ನೋಡಿ. ನೆರಳು ಮಗುವಿಗಿಂತ ಗಿಡ್ಡ ಆಗಿರಬೇಕು. ಡಿಸೆಂಬರಿನಲ್ಲಿ ನಮ್ಮಲ್ಲಿ ಅದು ಹತ್ತೂವರೆ ಆಸುಪಾಸಿನಿಂದ ಎರಡು ಗಂಟೆ ದಾಟುವವರೆಗೆ. ನಾಲ್ಕು ವರ್ಷದವರಿಗೆ ಇದೇ ಒಂದು ಆಟ, ದಿನಾ ನೆರಳಿನ ತಲೆಗೆ ಕಲ್ಲಿಟ್ಟು ಅಳೆಯುತ್ತಾರೆ. ಇನ್ನೊಂದು, ಜಗಲಿಗೆ ಗಾಜು ಹಾಕಿಸಿ "ನಮ್ಮ ಮನೆಯೊಳಗೇ ಬಿಸಿಲು ಬರುತ್ತದೆ" ಅನ್ನುವವರಿಗೆ. ಗಾಜಿನ ಹಿಂದೆ ಕೂತರೆ ಸೆಕೆ ಸಿಗುತ್ತದೆ, ವಿಟಮಿನ್ ಡಿ ಸಿಗುವುದಿಲ್ಲ, ಆ ಕಿರಣವನ್ನು ಗಾಜು ತಡೆಯುತ್ತದೆ. ಮತ್ತೆ, ಒಂದು ವರ್ಷದೊಳಗಿನ ಕೂಸಿಗೆ ಡಾಕ್ಟರು ದಿನಕ್ಕೆ 400 ಐಯು ವಿಟಮಿನ್ ಡಿ ಹನಿ ಬರೆದುಕೊಟ್ಟಿರುತ್ತಾರೆ. ಬಿಸಿಲು ಇದೆಯಲ್ಲ ಅಂತ ಅದನ್ನು ನಿಲ್ಲಿಸಬೇಡಿ.

ಈಗ ಹೊರಡುವ ಕೆಲಸ. ಒಬ್ಬರೇ ದೊಡ್ಡವರು, ಆರು ಮಕ್ಕಳು, ಎಂಟು ತಿಂಗಳಿಂದ ನಾಲ್ಕು ವರ್ಷದವರೆಗೆ. ಇಲ್ಲೇ ಎಲ್ಲರೂ ಸೋಲುವುದು. ಕೊನೆಯವನಿಗೆ ಶೂ ಹಾಕುವಷ್ಟರಲ್ಲಿ ಮೊದಲನೆಯವಳಿಗೆ ಉಚ್ಚೆ ಬಂದಿರುತ್ತದೆ. ಅದಕ್ಕೆ ಮೊದಲು ಎಲ್ಲರಿಗೂ ಬಾತ್‌ರೂಮು, ಆಮೇಲೆ ಬಟ್ಟೆ. ದೊಡ್ಡ ಮಕ್ಕಳಿಗೆ ಮೊದಲು ಶುರು ಮಾಡಿಸಿ, ಅವರು ತಾವೇ ಹಾಕಿಕೊಳ್ಳುತ್ತಾರೆ, ನಿಧಾನ ಆಗುತ್ತದೆ. ಕೂಸು ಕೊನೆಗೆ. ಕೂಸಿಗೆ ಮೊದಲೇ ಸ್ವೆಟರ್, ಟೋಪಿ ಎಲ್ಲಾ ಹಾಕಿ ಒಳಗೆ ಮಲಗಿಸಿದರೆ ಹೊರಡುವ ಮೊದಲೇ ಬೆವರಿ ಅಳುತ್ತದೆ.

ಎರಡೂವರೆ ವರ್ಷದವರಿಗೆ ಜಾಕೆಟ್ ಹಾಕಿಕೊಳ್ಳಲು ಕಲಿಸುವ ಒಂದು ಉಪಾಯ ಇದೆ, ಇಲ್ಲೇ ತೋರಿಸುತ್ತೇನೆ. ಜಾಕೆಟನ್ನು ನೆಲದ ಮೇಲೆ ಬಿಚ್ಚಿ ಹರಡಿ, ಒಳಗಿನ ಭಾಗ ಮೇಲೆ ಬರಲಿ. ಕಾಲರ್ ಮಗುವಿನ ಕಾಲಿನ ಕಡೆ ಇರಲಿ. ಈಗ ಮಗು ಬಗ್ಗಿ ಎರಡೂ ಕೈ ತೋಳಿನೊಳಗೆ ತೂರಿಸಬೇಕು. ಆಮೇಲೆ ಕೈ ಮೇಲೆತ್ತಿ ಜಾಕೆಟನ್ನು ತಲೆ ಮೇಲಿಂದ ಹಿಂದಕ್ಕೆ ಹಾರಿಸಿದರೆ ಆಯಿತು, ಬೆನ್ನ ಮೇಲೆ ಸರಿಯಾಗಿ ಕೂರುತ್ತದೆ. ಮೊದಲ ಸಲ ತಲೆಗೆ ಸಿಕ್ಕಿಕೊಂಡು ಒದ್ದಾಡುತ್ತಾರೆ. ವಾರದೊಳಗೆ ನೀವು ಮುಟ್ಟಲು ಹೋದರೆ ಕೈ ತಳ್ಳುತ್ತಾರೆ, "ನಾನೇ" ಅಂತ. ಜಿಪ್ಪಿನ ಬುಡ ಸಿಕ್ಕಿಸುವುದು ಮಾತ್ರ ನಿಮ್ಮ ಪಾಲಿಗೆ.

ದಪ್ಪನೆಯ ಒಂದು ಸ್ವೆಟರಿಗಿಂತ ತೆಳ್ಳನೆಯ ಮೂರು ಬಟ್ಟೆ ಮೇಲು. ಮೈಗೆ ತಾಗುವುದು ಹತ್ತಿ ಬನಿಯನ್, ಅದರ ಮೇಲೆ ತುಂಬು ತೋಳಿನ ಶರ್ಟು, ಮೇಲೆ ಜಾಕೆಟ್ಟೋ ಸ್ವೆಟರೋ. ಓಡಲು ಶುರು ಮಾಡಿ ಹತ್ತು ನಿಮಿಷಕ್ಕೆ ಮೇಲಿನದನ್ನು ಬಿಚ್ಚಿಸಿ. ಬನಿಯನ್ ಬೆವರಿನಿಂದ ಒದ್ದೆ ಆಗಿದ್ದರೆ ಒಳಗೆ ಬಂದ ತಕ್ಷಣ ಬದಲಾಯಿಸಿ. ಮಗುವಿಗೆ ಚಳಿಯೋ ಸೆಕೆಯೋ ಅಂತ ನೋಡಲು ಕೈ ಮುಟ್ಟಬೇಡಿ. ಆಡುವ ಮಕ್ಕಳ ಕೈ ತಣ್ಣಗೇ ಇರುತ್ತದೆ. ಕತ್ತಿನ ಹಿಂದೆ, ಕಾಲರಿನೊಳಗೆ ಎರಡು ಬೆರಳು ಹಾಕಿ. ಬೆಚ್ಚಗೆ, ಒಣಗಿ ಇದ್ದರೆ ಸರಿ. ಜಿನುಗುತ್ತಿದ್ದರೆ ಒಂದು ಬಟ್ಟೆ ತೆಗೆಯಿರಿ. ತಣ್ಣಗಿದ್ದರೆ ಒಂದು ಹಾಕಿ. ತುಂಬಾ ಚಿಕ್ಕ ಕೂಸುಗಳಿಗೆ ನಮ್ಮ ಹಾಗೆ ಸರಿಯಾಗಿ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲು ಬರುವುದಿಲ್ಲ, ಹಾಗಾಗಿ ನಡುಗುತ್ತಿಲ್ಲ ಅಂದರೆ ಚಳಿ ಇಲ್ಲ ಅಂತ ತಿಳಿಯಬೇಡಿ. ಅವುಗಳ ಕತ್ತನ್ನು ಆಗಾಗ ಮುಟ್ಟಿ ನೋಡಬೇಕು.

ಮಂಕಿ ಕ್ಯಾಪ್ ಬಗ್ಗೆ ನನಗೆ ತಕರಾರಿಲ್ಲ. ಮಫ್ಲರ್ ಬಗ್ಗೆ ಇದೆ. ಕತ್ತಿಗೆ ಸುತ್ತಿದ ಮಫ್ಲರ್, ಜಾಕೆಟ್ ಟೋಪಿಯ ದಾರ ಎರಡೂ ಬೇಲಿಗೋ, ಜಾರುಬಂಡೆಗೋ, ಗೇಟಿನ ಚಿಲಕಕ್ಕೋ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ. ನನ್ನ ಮನೆಗೆ ಬಂದ ಮಫ್ಲರ್ ಸೀದಾ ಬ್ಯಾಗಿಗೆ ಹೋಗುತ್ತದೆ.

ಅಂಗಳದ ವಿಷಯ. ಚಳಿಗಾಲ ಅಂದರೆ ನಮ್ಮಲ್ಲಿ ಕಾಫಿ ಕುಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ. ಮಳೆಗಾಲದಲ್ಲಿ ಖಾಲಿ ಬಿದ್ದಿದ್ದ ಜಾಗದಲ್ಲೆಲ್ಲಾ ಈಗ ಕೆಲಸ ನಡೆಯುತ್ತಿರುತ್ತದೆ. ಕಾಫಿ ಒಣಗಿಸುವ ಕಣ ನೋಡಿದ ತಕ್ಷಣ ಮಕ್ಕಳಿಗೆ ಓಡಬೇಕು ಅನ್ನಿಸುತ್ತದೆ, ಅಷ್ಟು ದೊಡ್ಡ ಸಪಾಟು ನೆಲ ಕೊಡಗಿನಲ್ಲಿ ಇನ್ನೆಲ್ಲಿ ಸಿಗುತ್ತದೆ ಹೇಳಿ? ಆದರೆ ಅಲ್ಲಿ ಪಿಕಪ್ ಹಿಂದಕ್ಕೆ ಬರುತ್ತಿರುತ್ತದೆ, ಟ್ರ್ಯಾಕ್ಟರ್ ತಿರುಗುತ್ತಿರುತ್ತದೆ. ಡ್ರೈವರಿಗೆ ಎರಡು ವರ್ಷದ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ. ಕುಯ್ಲಿನ ದಿನಗಳಲ್ಲಿ ಕಣಕ್ಕೆ ಹೋಗಬೇಡಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರಿನ ಗುಂಡಿ, ತೋಟದ ಕೆರೆ, ಮುಚ್ಚಳ ಇಲ್ಲದ ತೊಟ್ಟಿ, ಇವುಗಳ ಸುತ್ತ ಬೇಲಿ ಇದೆಯಾ ಅಂತ ಹಿಂದಿನ ದಿನವೇ ನಡೆದು ನೋಡಿ ಬನ್ನಿ. ಮೊಣಕಾಲು ಮಟ್ಟದ ನೀರು ಪುಟ್ಟ ಮಗುವಿಗೆ ಸಾಕು. ಔಷಧಿ ಹೊಡೆಯುವ ದಿನ ಯಾವುದು ಅಂತ ಪಕ್ಕದ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ಕಾಫಿ ಹಣ್ಣು ಚೀಪದೆ ಬೆಳೆದವರು ಈ ಹಾಲಿನಲ್ಲಿ ಯಾರಿದ್ದೀರಿ? ನಾನೂ ಚೀಪಿದ್ದೇನೆ. ಕೆಂಪು ಹಣ್ಣು, ಸಿಹಿ ಸಿಪ್ಪೆ. ಆದರೆ ಒಳಗಿರುವ ಬೀಜ ನುಣುಪು, ಸಣ್ಣದು, ಮೂರು ವರ್ಷದೊಳಗಿನವರ ಗಂಟಲಿಗೆ ಸಿಕ್ಕಿಕೊಳ್ಳುವ ಅಳತೆ. ಕರಿಮೆಣಸಿನ ಗೊಂಚಲೂ ಅಷ್ಟೇ, ಕೈಗೆಟಕುವಷ್ಟು ಕೆಳಗಿದ್ದರೆ ಕಣ್ಣುಜ್ಜಿಕೊಳ್ಳುವ ಕೈಗೆ ಸಿಗುತ್ತದೆ. ಒಣಹುಲ್ಲು, ತರಗೆಲೆ ಇರುವಲ್ಲಿ ಆಡಿ ಬಂದರೆ ಉಣುಗು ನೋಡಬೇಕು. ಕಿವಿ ಹಿಂದೆ, ಕೂದಲ ಅಂಚು, ಕಂಕುಳು, ತೊಡೆಸಂದಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಏನೂ ಬೇಡ.

ಒಳ್ಳೆಯ ಜಾಗ ಯಾವುದು ಅಂದರೆ, ನನ್ನನ್ನು ಕೇಳಿದರೆ, ಕೊಯ್ಲು ಮುಗಿದ ಗದ್ದೆ. ಜನವರಿಯಲ್ಲಿ ನೀರು ಬತ್ತಿ ನೆಲ ಒಣಗಿರುತ್ತದೆ, ಮೇಲೆ ಮರ ಇಲ್ಲ, ಬಿಸಿಲು ತುಂಬಾ, ನಾಲ್ಕೂ ಕಡೆ ಕಾಣಿಸುತ್ತದೆ, ಬದು ಹತ್ತಿ ಹಾರಬಹುದು. ಕೂಳೆ ಚುಚ್ಚುತ್ತದೆ, ಅದಕ್ಕೆ ಶೂ ಬೇಕು. ಗದ್ದೆ ಇಲ್ಲದವರು ಅಂಗಳದ ಏರನ್ನು ಬಳಸಿಕೊಳ್ಳಿ. ನಮ್ಮ ಯಾರ ಅಂಗಳವೂ ಸಪಾಟಾಗಿಲ್ಲ, ಅದು ಮಕ್ಕಳಿಗೆ ಲಾಭ. ಏರು ಹತ್ತಿ ಇಳಿಯುವುದನ್ನು ನಾಲ್ಕು ಸಲ ಮಾಡಿಸಿದರೆ ಯಾವ ಸ್ವೆಟರೂ ಬೇಡ. ಮನೆ ಹಿಂದಿನ ಬರೆಯ (ಗುಡ್ಡ ಕಡಿದ ಮಣ್ಣಿನ ಗೋಡೆಯ) ಬುಡಕ್ಕೆ ಮಾತ್ರ ಬಿಡಬೇಡಿ, ಒಣಗಿದ ಮಣ್ಣೂ ಉದುರುತ್ತದೆ. ಇನ್ನು ಹಾಕಿ ಆಟ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ ನಮ್ಮ ಮಕ್ಕಳು ನಡೆಯಲು ಕಲಿತ ತಕ್ಷಣ ಕೋಲು ಹುಡುಕುತ್ತಾರೆ. ಆಡಲಿ. ಕೋಲು ಸೊಂಟಕ್ಕಿಂತ ಮೇಲೆ ಹೋದರೆ ಆಟ ನಿಂತಿತು ಅನ್ನುವ ಒಂದೇ ನಿಯಮ ಸಾಕು.

ಕೂಸನ್ನು ಎಲ್ಲಿ ಇಡುವುದು? ಗೋಣಿಚೀಲ, ಅದರ ಮೇಲೆ ಚಾಪೆ, ಅದರ ಮೇಲೆ ಹಚ್ಚಡ. ಬರಿ ಚಾಪೆ ಹಾಕಿದರೆ ನೆಲದ ತೇವ ಏರುತ್ತದೆ. ನೀವು ಕೂಸಿನ ಪಕ್ಕ ನೆಲದಲ್ಲೇ ಕೂರಿ, ಮುಖ ಓಡುವ ಮಕ್ಕಳ ಕಡೆ ಇರಲಿ. ಆಗಾಗ ತಲೆ ಎಣಿಸಿ, ಬಾಯಿಬಿಟ್ಟು ಎಣಿಸಿ, ಮಕ್ಕಳೂ ಸೇರಿಕೊಳ್ಳುತ್ತಾರೆ. ಫೋನು ಜೊತೆಗಿರಲಿ, ಕೈಯಲ್ಲಿ ಬೇಡ.

ಇಲ್ಲಿಯವರೆಗೆ ಪೇಟೆಯ ಮಕ್ಕಳ ಮಾತಾಯಿತು. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಮಕ್ಕಳದು ಪೂರ್ತಿ ಉಲ್ಟಾ. ಅಮ್ಮ ಬೆಳಿಗ್ಗೆಯೇ ಕುಯ್ಲಿಗೆ ಹೊರಡುತ್ತಾಳೆ, ಮಗು ಅವಳ ಜೊತೆ ತೋಟದೊಳಗೆ, ಸಾಲಿನ ಕೊನೆಯಲ್ಲಿ ಗೋಣಿಚೀಲದ ಮೇಲೆ. ಆ ಮಕ್ಕಳಿಗೆ ಹೊರಗಿನ ಗಾಳಿ ಬೇಕಾದಷ್ಟಿದೆ, ಇಲ್ಲದಿರುವುದು ಒಣಬಟ್ಟೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ, ಇಲ್ಲವೇ ಅವರ ಮಕ್ಕಳು ಇಪ್ಪತ್ತಾದರೂ ಇರುವ ತೋಟದಲ್ಲಿ ಶಿಶುವಿಹಾರ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ನಮ್ಮ ತೋಟಗಳಲ್ಲಿ ಹೆಚ್ಚಿನವು ಸಣ್ಣವು, ಆ ಲೆಕ್ಕಕ್ಕೆ ಬರುವುದೇ ಇಲ್ಲ. ಈಗ ಪಂಚಾಯಿತಿಗಳಲ್ಲಿ, ಕೆಲಸಕ್ಕೆ ಹೋಗುವ ಅಮ್ಮಂದಿರ ಮಕ್ಕಳನ್ನು ನೋಡಿಕೊಳ್ಳಲು, ಕೂಸಿನ ಮನೆ ಅಂತ ಬಂದಿದೆ. ನಿಮ್ಮ ತೋಟದಲ್ಲಿ ನಾಲ್ಕೈದು ಕೂಸುಗಳಿದ್ದರೆ ಹತ್ತು ಗಂಟೆವರೆಗೆ, ಇಬ್ಬನಿ ಆರುವವರೆಗಾದರೂ, ಒಂದು ಜಗಲಿ, ಒಬ್ಬ ಅಜ್ಜಿ, ಎರಡು ಜೊತೆ ಒಣ ಸಾಕ್ಸು ಏರ್ಪಾಡು ಮಾಡಿ. ಮಾಲೀಕರಿಗೆ ಇದು ದೊಡ್ಡ ಖರ್ಚಲ್ಲ.

ಒಳಗೆ ಬಂದ ಮೇಲಿನ ಕೆಲಸ ಬೇಗ ಹೇಳಿಬಿಡುತ್ತೇನೆ. ಶೂ ಬಾಗಿಲಲ್ಲೇ, ಸಾಕ್ಸು ಬದಲು, ಸೋಪು ಹಾಕಿ ಕೈ ತೊಳೆಯುವುದು, ಉಗುರುಬೆಚ್ಚಗಿನ ನೀರು. ಚಳಿಗಾಲದಲ್ಲಿ ಬಾಯಾರಿಕೆ ಅಂತ ಮಕ್ಕಳು ಕೇಳುವುದಿಲ್ಲ, ನೀವೇ ಕೊಡಬೇಕು. ತುಟಿ, ಕೆನ್ನೆ ಒಡೆದಿದ್ದರೆ ತೆಂಗಿನೆಣ್ಣೆ. ಸಂಜೆ ಇನ್ನೊಂದು ಸಲ ಹೋಗುವುದಾದರೆ ಮೂರೂವರೆಗೆ ಹೋಗಿ ನಾಲ್ಕೂವರೆಗೆ ವಾಪಸ್, ಗುಡ್ಡದ ಹಿಂದೆ ಬಿಸಿಲು ಬೇಗ ಹೋಗುತ್ತದೆ.

ಪೋಷಕರೇ, ಬ್ಯಾಗಿನಲ್ಲಿ ಎರಡು ಜೊತೆ ಸಾಕ್ಸು, ಒಂದು ಬನಿಯನ್, ಒಂದು ಪ್ಯಾಂಟು, ಮಣ್ಣಾದರೂ ಬೇಸರ ಇಲ್ಲದ ಶೂ ಇಡಿ. ಹೊಸ ಜಾಕೆಟ್ ಹಾಕಿ ಕಳಿಸಿ "ಗಲೀಜು ಮಾಡಬೇಡ" ಅಂತ ಹೇಳಿದರೆ ಆ ಮಗು ಅಂಗಳದ ಮೂಲೆಯಲ್ಲಿ ನಿಂತು ಬೇರೆಯವರ ಆಟ ನೋಡುತ್ತದೆ. ಜ್ವರ ಇದ್ದರೆ, ಉಸಿರಿನಲ್ಲಿ ಸುಂಯ್ ಸದ್ದು ಇದ್ದರೆ, ಮಗು ಸಪ್ಪೆಯಾಗಿ ಹಾಲು ಬೇಡ ಅಂದರೆ ತಿಳಿಸಿ, ಅವತ್ತು ಹೊರಗೆ ಬಿಡುವುದಿಲ್ಲ. ಉಬ್ಬಸ ಇರುವ ಮಕ್ಕಳಿಗೆ ತಣ್ಣನೆಯ ಒಣಗಾಳಿಯಲ್ಲಿ ಓಡಿದರೆ ಜೋರಾಗಬಹುದು. ಅವರ ಇನ್‌ಹೇಲರ್, ಸ್ಪೇಸರ್ ನಮ್ಮ ಹತ್ತಿರವೇ ಇರಲಿ, ಹೇಗೆ ಕೊಡುವುದು ಅಂತ ಒಂದು ಸಲ ಮಾಡಿ ತೋರಿಸಿ. ಸುಮ್ನೆ ಮೂಗು ಸೋರುತ್ತಿದ್ದರೆ, ಮಗು ಗೆಲುವಾಗಿದ್ದರೆ, ಆಟ ಆಡಬಹುದು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಕೇಳಿದರು: "ಬಿಸಿಲಲ್ಲಿ ಕೂರಿಸುವುದು ಸರಿ ಮಗಳೇ, ಆದರೆ ಈ ಕಾಲದಲ್ಲಿ ಕಿತ್ತಳೆ ಕೊಟ್ಟರೆ ಶೀತ ಆಗುವುದಿಲ್ಲವಾ?" ಆಗುವುದಿಲ್ಲ ಅಜ್ಜಿ. ಜಿಐ (ಈ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮದೇ ಕಿತ್ತಳೆಯನ್ನು ನಮ್ಮ ಮಕ್ಕಳೇ ತಿನ್ನದಿದ್ದರೆ ಹೇಗೆ? ರೋಗ ಬಿದ್ದು ಗಿಡಗಳೇ ಕಡಿಮೆಯಾಗಿವೆ, ಸಿಕ್ಕಿದಾಗ ಕೊಡಿ. ಫ್ರಿಜ್ಜಿನಿಂದ ತೆಗೆದು ಕೊಡಬೇಡಿ, ಅಷ್ಟೇ. ಚಿಕ್ಕವರಿಗೆ ಬೀಜ ತೆಗೆದು, ತೊಳೆಯನ್ನು ಸಣ್ಣಗೆ ಬಿಡಿಸಿ ಕೊಡಿ. ಸಿಪ್ಪೆ ಸುಲಿಯುವ ಕೆಲಸ ಮೂರು ವರ್ಷದವರಿಗೆ ಬಿಡಿ. ನಮ್ಮ ಕೊಡಗಿನ ಕಿತ್ತಳೆ ಸಿಪ್ಪೆ ಸಡಿಲ, ಆ ಬೆರಳುಗಳಿಗೂ ಬರುತ್ತದೆ. ತಿಂದಾದ ಮೇಲೆ ಚಾಪೆ ಕೊಡವಿಬಿಡಿ, ಇಲ್ಲದಿದ್ದರೆ ಕೆಂಜಿರುವೆ ಮುತ್ತುತ್ತದೆ.